ಪರದೆ ಬಂತು, ಕೀಲಿಮಣೆ ಬರಲು ತಡವಾಯಿತು

ದೂರದ ಕಂಪ್ಯೂಟರಿನ ಪರದೆಯನ್ನು ನಮ್ಮ ಕಣ್ಣೆದುರಿಗೆ ತರುವ ತಂತ್ರಾಂಶಗಳಿಗೆ ಒಂದು ಮಿತಿಯಿದೆ. ಆ ಕಂಪ್ಯೂಟರ್ ನೆಟ್ಟಗಿದ್ದರೆ ಮಾತ್ರ ಅವು ನಡೆಯುತ್ತವೆ. ಅಲ್ಲಿನ ವಿಂಡೋಸ್ ಪೂರ್ತಿ ಏಳಬೇಕು, ನೆಟ್‌ವರ್ಕ್ ಸಿಗಬೇಕು, ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ಸೇವೆ ಶುರುವಾಗಬೇಕು. ನೀಲಿ ಪರದೆ ಬಂದು ನಿಂತಾಗ, ಬಯೋಸ್‌ನಲ್ಲಿ ಒಂದು ಆಯ್ಕೆ ಬದಲಿಸಬೇಕಾದಾಗ, ಡಿಸ್ಕ್ ಸಿಗದೆ ಲಿನಕ್ಸ್ ಅರ್ಧ ದಾರಿಯಲ್ಲಿ ಕೂತಾಗ, ಅಂದರೆ ದೂರದಿಂದ ನೋಡಲೇಬೇಕಾದ ಹೊತ್ತಿನಲ್ಲೇ, ಅವು ಕೈಕೊಡುತ್ತವೆ.

ಎಮ್ಯುಲೇಟರಿನ ಒಳಗೆ ಓಡುವ ಯಂತ್ರಕ್ಕೆ ಈ ಸಂಕಟವಿಲ್ಲ. ಅದರ ಪ್ರೊಸೆಸರ್, ಡಿಸ್ಕ್, ವಿಡಿಯೊ ಕಾರ್ಡ್ ಎಲ್ಲವೂ ಇನ್ನೊಂದು ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಒಂದು ಪ್ರೋಗ್ರಾಂ. ಒಳಗಿನ ಗೆಸ್ಟ್ ಯಂತ್ರ ತನ್ನ ಪರದೆಗೆ ಏನನ್ನೇ ಬರೆದರೂ ಅದು ಹೊರಗಿನ ಪ್ರೋಗ್ರಾಮಿನ ಮೆಮೊರಿಯಲ್ಲೇ ಬೀಳುತ್ತದೆ. ಹಾಗಾಗಿ ಗೆಸ್ಟ್ ಸತ್ತು ಬಿದ್ದಿದ್ದರೂ ಅದರ ಕೊನೆಯ ಚಿತ್ರವನ್ನು ಓದಿ ನೆಟ್‌ವರ್ಕಿಗೆ ಹಾಕಬಹುದು. ಎಮ್ಯುಲೇಟರಿಗೇ ರಿಮೋಟ್ ಡೆಸ್ಕ್‌ಟಾಪ್ ಸೇರಿಸುವುದರ ಲಾಭವೆಲ್ಲ ಇರುವುದು ಇಲ್ಲಿ.

ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಈ ವರ್ಗದ ಪ್ರಸಿದ್ಧ ಎಮ್ಯುಲೇಟರ್. ಮೊದಮೊದಲು ಅದು ತನ್ನ ಪರದೆಯನ್ನು ಅದೇ ಕಂಪ್ಯೂಟರಿನ ಒಂದು ಕಿಟಕಿಯಲ್ಲಿ ತೆರೆಯುತ್ತಿತ್ತು. ಮಾನಿಟರೇ ಇಲ್ಲದ ಸರ್ವರುಗಳ ಸಾಲಿನಲ್ಲಿ ಆ ಕಿಟಕಿಯಿಂದ ಏನು ಪ್ರಯೋಜನ? 2006ರಲ್ಲಿ ಆಂಟನಿ ಲಿಗೋರಿ ಅದಕ್ಕೆ, ಪರದೆಯನ್ನು ನೆಟ್‌ವರ್ಕಿನಲ್ಲಿ ದೂರಕ್ಕೆ ಕಳಿಸುವ ವಿಎನ್‌ಸಿ ಸರ್ವರ್ ಸೇರಿಸಿದರು.

ವಿಎನ್‌ಸಿ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಸಂಶೋಧನಾ ಪ್ರಯೋಗಾಲಯದಲ್ಲಿ. ಅದರ ಲೇಖಕರಲ್ಲಿ ಒಬ್ಬರಾದ ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್, ಕಾಫಿ ಪಾತ್ರೆ ಖಾಲಿಯಾಗಿದೆಯೇ ಎಂದು ಕೂತಲ್ಲಿಂದಲೇ ನೋಡಲು 1991ರಲ್ಲಿ ಕ್ಯಾಮೆರಾ ಇಟ್ಟವರಲ್ಲೂ ಒಬ್ಬರು. ದೂರದ್ದನ್ನು ಸರಳವಾಗಿ ತೋರಿಸಬೇಕೆಂಬ ಆ ಹಂಬಲ 1998ರಲ್ಲಿ ಮುಕ್ತವಾಗಿ ಬಿಡುಗಡೆಯಾದ ವಿಎನ್‌ಸಿಯಲ್ಲೂ ಕಾಣುತ್ತದೆ. ಇಷ್ಟು ಅಗಲ, ಇಷ್ಟು ಎತ್ತರದ ಒಂದು ಆಯತ, ಅದರಲ್ಲಿ ತುಂಬಬೇಕಾದ ಬಣ್ಣದ ಚುಕ್ಕೆಗಳು: ಅದರ ನಿಯಮಾವಳಿಯ ಜೀವಾಳ ಇಷ್ಟೇ. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಗುಣವೆಂದರೆ, ನೋಡುವವನು ಕೇಳುವ ತನಕ ಸರ್ವರ್ ಚಿತ್ರ ಕಳಿಸುವುದಿಲ್ಲ. ನಿಧಾನದ ಸಂಪರ್ಕದವನು ನಿಧಾನವಾಗಿ ಕೇಳುತ್ತಾನೆ. ಹಳೆಯ ಚಿತ್ರಗಳು ದಾರಿಯಲ್ಲಿ ರಾಶಿ ಬೀಳುವುದಿಲ್ಲ.

ಆದರೂ ಲೆಕ್ಕ ಹಾಕಿ ನೋಡಿ. 1024×768 ಚುಕ್ಕೆಗಳ ಪರದೆ, ಚುಕ್ಕೆಗೆ 4 ಬೈಟ್ ಎಂದರೆ ಒಂದು ಚಿತ್ರಕ್ಕೆ 3 ಎಂಬಿ. ಪ್ರತಿ 30 ಮಿಲಿಸೆಕೆಂಡಿಗೆ ಒಂದರಂತೆ ಕಳಿಸಿದರೆ ಸೆಕೆಂಡಿಗೆ ಸುಮಾರು 100 ಎಂಬಿ. ಬಹುತೇಕ ಮನೆಗಳ ಇಂಟರ್ನೆಟ್ ಇದನ್ನು ತಾಳದು. ಅದಕ್ಕೇ ಕ್ಯೂಎಮು, ಗೆಸ್ಟ್ ಮುಟ್ಟಿದ ವಿಡಿಯೊ ಮೆಮೊರಿ ಯಾವುದೆಂದು ಗುರುತಿಟ್ಟುಕೊಳ್ಳುತ್ತದೆ. ವಿಎನ್‌ಸಿ ಭಾಗ ತನ್ನದೇ ಒಂದು ಪ್ರತಿ ಇಟ್ಟುಕೊಂಡು, ಪ್ರತಿ ಸಾಲನ್ನೂ 16 ಚುಕ್ಕೆಗಳ ತುಂಡುಗಳಾಗಿ ಹೋಲಿಸಿ, ನಿಜಕ್ಕೂ ಬದಲಾದದ್ದನ್ನಷ್ಟೇ ರವಾನಿಸುತ್ತದೆ. ಏನೂ ಬದಲಾಗದಿದ್ದರೆ ಹೋಲಿಕೆಯ ಅಂತರವೇ ಮೆಲ್ಲಗೆ ಹಿಗ್ಗುತ್ತ 3 ಸೆಕೆಂಡಿನವರೆಗೆ ಹೋಗುತ್ತದೆ. ನೂರಾರು ಗೆಸ್ಟ್‌ಗಳು ಸುಮ್ಮನೆ ಕೂತಿರುವ ಸರ್ವರಿನಲ್ಲಿ ಇದು ದೊಡ್ಡ ಉಳಿತಾಯ.

ಕಣ್ಣಿನ ಸಮಸ್ಯೆ ಹೀಗೆ ಬಗೆಹರಿಯಿತು. ಕೈಯ ಸಮಸ್ಯೆ ಇದಕ್ಕಿಂತ ಹಟಮಾರಿ.

ಹಳೆಯ ಪಿಎಸ್/2 ಮೌಸ್ ತಾನು ಎಲ್ಲಿದ್ದೇನೆಂದು ಹೇಳುವುದಿಲ್ಲ, ಎಷ್ಟು ಸರಿದೆನೆಂದು ಮಾತ್ರ ಹೇಳುತ್ತದೆ. ಗೆಸ್ಟ್ ಅದಕ್ಕೆ ತನ್ನ ವೇಗದ ಲೆಕ್ಕ ಸೇರಿಸುತ್ತದೆ. ಹೀಗಾಗಿ ನಿಮ್ಮ ಬಾಣ ಒಂದು ಕಡೆ, ಗೆಸ್ಟ್‌ನ ಬಾಣ ಇನ್ನೊಂದು ಕಡೆ. ಗುಂಡಿ ಒತ್ತಲು ಹೋದವರು ಬಾಣವನ್ನು ಅಟ್ಟಿಸಿಕೊಂಡು ಹೋಗಬೇಕಾಗುತ್ತಿತ್ತು. ಇದಕ್ಕೆ ಸಿಕ್ಕ ಪರಿಹಾರ ಸೊಗಸಾಗಿದೆ: ಗೆಸ್ಟ್‌ಗೆ ಮೌಸ್ ಕೊಡದೆ ಯುಎಸ್‌ಬಿ ಟ್ಯಾಬ್ಲೆಟ್, ಅಂದರೆ ಚಿತ್ರಕಾರರ ಬರೆಯುವ ಹಲಗೆಯನ್ನು ಕೊಡುವುದು. ಹಲಗೆ 0ಯಿಂದ 32767ರವರೆಗಿನ ಅಂಕಿಗಳಲ್ಲಿ ನೇರವಾಗಿ ಜಾಗವನ್ನೇ ಹೇಳುವುದರಿಂದ ಎರಡು ಬಾಣಗಳೂ ಒಂದರ ಮೇಲೊಂದು ಕೂರುತ್ತವೆ. ಇಲ್ಲದ ಹಲಗೆಯೊಂದನ್ನು ಹುಟ್ಟಿಸಿ ಕಷ್ಟ ಕಳೆಯುವುದು ಎಮ್ಯುಲೇಟರಿಗೆ ಸಲೀಸು.

ಕೀಲಿಮಣೆಯ ಕಥೆ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಹತ್ತಿರದ್ದು. ವಿಎನ್‌ಸಿ ಮೂಲತಃ ಯಾವ ಕೀಲಿ ಒತ್ತಿದಿರೆಂದು ಕಳಿಸುವುದಿಲ್ಲ, ಯಾವ ಅಕ್ಷರ ಮೂಡಿತೆಂದು ಕಳಿಸುತ್ತದೆ. ಎಮ್ಯುಲೇಟರಿಗೆ ಬೇಕಾದದ್ದೋ ಕೀಲಿಯ ಸಂಖ್ಯೆ, ಅಂದರೆ ಸ್ಕ್ಯಾನ್‌ಕೋಡ್. ಏಕೆಂದರೆ ಅದು ನಟಿಸುತ್ತಿರುವುದು ಕೀಲಿಮಣೆಯನ್ನು. ಯಾವ ಕೀಲಿಗೆ ಯಾವ ಅಕ್ಷರ ಎಂದು ನಿರ್ಧರಿಸುವುದು ಗೆಸ್ಟ್‌ನ ಕೆಲಸ. ಅಕ್ಷರದಿಂದ ಕೀಲಿಗೆ ಹಿಂದಕ್ಕೆ ಹೋಗಲು ಕ್ಯೂಎಮು ಭಾಷೆಗೊಂದರಂತೆ ಪಟ್ಟಿಗಳನ್ನು ಇಟ್ಟುಕೊಂಡಿತು. ಇಂಗ್ಲಿಷ್, ಜರ್ಮನ್, ಫ್ರೆಂಚ್, ಜಪಾನಿ, ಥಾಯ್ ಇವೆ, ಕನ್ನಡ ಇಲ್ಲ. ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಅಥವಾ ಕಗಪ ವಿನ್ಯಾಸ ಹಾಕಿಕೊಂಡು ‘ಕ’ ಒತ್ತಿದರೆ ಆ ಅಕ್ಷರದ ಯೂನಿಕೋಡ್ ಗುರುತು ಹೊರಡುತ್ತದೆ, ಪಟ್ಟಿಯಲ್ಲಿ ಅದು ಸಿಗುವುದಿಲ್ಲ, ಎಚ್ಚರಿಕೆಯ ಒಂದು ಸಾಲು ಬರೆದು ಕ್ಯೂಎಮು ಅದನ್ನು ಕೈಬಿಡುತ್ತದೆ. ಗೆಸ್ಟ್‌ನಲ್ಲಿ ಏನೂ ಮೂಡುವುದಿಲ್ಲ.

ಕನ್ನಡಕ್ಕೂ ಒಂದು ಪಟ್ಟಿ ಬರೆದರೆ ಮುಗಿಯಿತಲ್ಲ ಎನಿಸಬಹುದು. ಅದು ಸರಿಯಾದ ದಾರಿಯಲ್ಲ. ಇನ್‌ಸ್ಕ್ರಿಪ್ಟ್‌ಗೊಂದು, ಕಗಪಕ್ಕೊಂದು, ಮುಂದೆ ಬರುವುದಕ್ಕೆ ಮತ್ತೊಂದು ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ಕ್ಯೂಎಮು ಬಳಗ ಹಿಡಿದದ್ದು ಬೇರೆ ದಾರಿ: ವಿಎನ್‌ಸಿಗೇ ಒಂದು ವಿಸ್ತರಣೆ ಸೇರಿಸಿ, ಅಕ್ಷರದ ಜೊತೆಗೆ ಕೀಲಿಯ ಸಂಖ್ಯೆಯನ್ನೂ ಕಳಿಸುವುದು. ಟೈಗರ್‌ವಿಎನ್‌ಸಿ, ನೋವಿಎನ್‌ಸಿಯಂಥ ನೋಡುಗ ತಂತ್ರಾಂಶಗಳು ಇದನ್ನು ಬಲ್ಲವು. ಒಂದು ಎಚ್ಚರ ಬೇಕು: ಕ್ಯೂಎಮು ಓಡಿಸುವಾಗ ಕೀಲಿಮಣೆಯ ಭಾಷೆಯನ್ನು ಹೆಸರಿಸಿದರೆ ಅದು ಹಳೆಯ ಪಟ್ಟಿಗೇ ಮರಳುತ್ತದೆ. ಹೆಸರಿಸದೆ ಬಿಟ್ಟು, ಗೆಸ್ಟ್‌ನೊಳಗೆ ಕನ್ನಡ ವಿನ್ಯಾಸ ಹಾಕಿಕೊಂಡರೆ ಬೆರಳು ಒತ್ತಿದ್ದು ಅಲ್ಲಿ ಕನ್ನಡವಾಗಿಯೇ ಮೂಡುತ್ತದೆ.

ಭದ್ರತೆಯ ಬಗ್ಗೆ ಒಂದು ಮಾತು. ವಿಎನ್‌ಸಿಯ ಹಳೆಯ ಪಾಸ್‌ವರ್ಡ್ 8 ಅಕ್ಷರಕ್ಕೆ ಸೀಮಿತ, ಚಿತ್ರ ಗೂಢಲಿಪಿಯಿಲ್ಲದೆ ಹರಿಯುತ್ತದೆ. ಅದು ಬಳಸುವ 5900ರ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಎಮ್ಯುಲೇಟರ್ ಓಡುವ ಕಂಪ್ಯೂಟರಿನ, ಅಂದರೆ ಹೋಸ್ಟ್‌ನ, ಒಳಗಷ್ಟೇ ಕೇಳಿಸುವಂತೆ ಇಟ್ಟು, ಎಸ್‌ಎಸ್‌ಎಚ್ ಸುರಂಗದಿಂದ ತಲುಪುವುದು ಲೇಸು.

ಚಿತ್ರದ ಬದಲು ಚಿತ್ರ ಬಿಡಿಸುವ ಆಜ್ಞೆಗಳನ್ನೇ ಕಳಿಸುವ ಪ್ರಯತ್ನವೂ ನಡೆಯಿತು. ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಸ್ಪೈಸ್ ಅದು. 2008ರಲ್ಲಿ ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡು, ಮರುವರ್ಷ ಸ್ಪೈಸ್ ಅನ್ನು ಮುಕ್ತಗೊಳಿಸಿತು. ಧ್ವನಿ, ಕ್ಲಿಪ್‌ಬೋರ್ಡ್, ಯುಎಸ್‌ಬಿ ಎಲ್ಲವೂ ಅದರಲ್ಲಿ ಹಾದು ಬರುತ್ತಿದ್ದವು. ಆದರೆ ಡೆಸ್ಕ್‌ಟಾಪುಗಳು ತಮ್ಮ ಚಿತ್ರವನ್ನು ತಾವೇ ಪೂರ್ತಿ ಸಿದ್ಧಪಡಿಸತೊಡಗಿದ ಮೇಲೆ ಆಜ್ಞೆಗಳಿಗೆ ಬೆಲೆ ಉಳಿಯಲಿಲ್ಲ. ರೆಡ್ ಹ್ಯಾಟ್ ತನ್ನ ಲಿನಕ್ಸ್‌ನ 9ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿತು.

2022ರ ಕ್ಯೂಎಮು 7.0 ಇನ್ನೊಂದು ಬಾಗಿಲು ತೆರೆದಿದೆ. ಪರದೆ, ಮೌಸ್, ಕೀಲಿಮಣೆಗಳನ್ನು ಡಿ-ಬಸ್ ಎಂಬ ಸಂದೇಶ ಮಾರ್ಗದಲ್ಲಿ ಹೊರಗಿನ ಬೇರೊಂದು ಪ್ರೋಗ್ರಾಮಿಗೆ ಒಪ್ಪಿಸುವ ವ್ಯವಸ್ಥೆ ಇದು. ನೆಟ್‌ವರ್ಕಿನ ಕೆಲಸ ಎಮ್ಯುಲೇಟರಿನಿಂದ ಹೊರಗಾದರೆ, ಅಲ್ಲಿನ ದೋಷವೊಂದು ಇಡೀ ಗೆಸ್ಟ್ ಅನ್ನು ಕೆಡವುವ ಭಯ ತಗ್ಗುತ್ತದೆ. ಇದನ್ನು ರೂಪಿಸಿದ ಮಾರ್ಕ್-ಆಂದ್ರೆ ಲ್ಯೂರೋ ಅದೇ ಮಾರ್ಗದ ಮೇಲೆ ರಸ್ಟ್ ಭಾಷೆಯಲ್ಲಿ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ನಿಯಮಾವಳಿಗೆ, ಅಂದರೆ ಆರ್‌ಡಿಪಿಗೆ, ಒಂದು ಸರ್ವರನ್ನೂ ಬರೆಯುತ್ತಿದ್ದಾರೆ. ಆಗ ವಿಂಡೋಸ್ ಜೊತೆಗೇ ಬರುವ ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶದಿಂದ ಗೆಸ್ಟ್‌ನ ಬಯೋಸ್ ಪರದೆಯನ್ನೂ ನೋಡಬಹುದು. ಇನ್ನು ಕೀಲಿಮಣೆಗೆ ಬಂದರೆ, ಆರ್‌ಡಿಪಿಯಲ್ಲಿ ಕೀಲಿಯ ಸಂಖ್ಯೆ ಹೋಗುವುದೇ ಸಾಮಾನ್ಯ ರೀತಿ, ಯೂನಿಕೋಡ್ ಅಕ್ಷರ ಕಳಿಸಲು ಪ್ರತ್ಯೇಕ ಸಂದೇಶವೇ ಇದೆ. ಅಲ್ಲಿ ಕನ್ನಡಕ್ಕೆ ಪಟ್ಟಿಯೂ ಬೇಡ, ವಿಸ್ತರಣೆಯೂ ಬೇಡ.