ಅಮ್ಮಿಯ ಸೀರೆ, ನಮ್ಮ ಕೌದಿ

ನಿಮ್ಮ ಮನೆಯ ಟ್ರಂಕಿನಲ್ಲೂ ತೀರಿಹೋದ ತಾಯಿಯದೋ ಅಜ್ಜಿಯದೋ ಹಳೆಯ ಸೀರೆಗಳಿರಬಹುದು. ಉಡಲು ಬಾರವು, ಬಿಸಾಡಲು ಮನಸ್ಸು ಬಾರದು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಮುಚ್ಚಿಡುತ್ತೇವೆ. ಅವುಗಳಿಂದ ಒಂದು ಕೌದಿ ಏಕೆ ಹೊಲಿಯಬಾರದು?

ಧಾರವಾಡದ ಕಡೆ ಕೌದಿ ಮನೆಮನೆಯ ಹೊದಿಕೆ. ಉರ್ದು ಮಾತಾಡುವ ನಾವು ಅದನ್ನೇ ಗೋದಡಿ ಎನ್ನುತ್ತೇವೆ. ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಕೈಯಿಂದಲೇ ಹೊಲಿಯುವುದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡವು. ಅವರಲ್ಲಿ ಮುಸ್ಲಿಮ್ ಸಹೋದರಿಯರೂ ಇದ್ದಾರೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿದ 'ಹೂ' ಇಡುತ್ತಾರೆ.

ನಾನು ಇದಕ್ಕೆ ಇನ್ನೊಂದನ್ನು ಸೇರಿಸಿದೆ. ಬಾಲ್ಯದ ಮನೆಯನ್ನು ಬಿಳಿ ಬಟ್ಟೆಯ ತುಂಡುಗಳ ಮೇಲೆ ಬಣ್ಣದಲ್ಲಿ ಬಿಡಿಸಿದೆ. ಹಿತ್ತಲ ಬಾವಿ, ಹುಣಸೆ ಮರ, ನಾನಿಯ ಪಾನ್ ಡಬ್ಬಿ, ರಮಝಾನಿನ ಚಂದ್ರ... ಜೀವಿಗಳ ಚಿತ್ರ ಬೇಡವೆಂದು ಯಾರ ಮುಖವನ್ನೂ ಬರೆಯಲಿಲ್ಲ. ಅಮ್ಮಿಯ ನೆನಪಿಗೆ ಹೊಸ್ತಿಲ ಬಳಿ ಅವರ ಚಪ್ಪಲಿ ಬರೆದೆ.

ಒಂದು ಸೀರೆ ಕತ್ತರಿಸಿ ಎರಡನೆಯದಕ್ಕೆ ಕೈಹಾಕಿದಾಗ ಎದೆ ಧಸಕ್ಕೆಂದಿತು. ಮೃತರ ಬಟ್ಟೆಯೂ ಅವರು ಬಿಟ್ಟುಹೋದ ಸೊತ್ತೇ. ವಾರಸುದಾರರೆಲ್ಲರ ಒಪ್ಪಿಗೆಯಿಲ್ಲದೆ ಅದನ್ನು ದಾನ ಮಾಡುವಂತೆಯೂ ಇಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಮಕ್ಕಳಿಗೆ ಇದನ್ನೇ ಕಲಿಸುವ ನಾನು ಯಾರನ್ನೂ ಕೇಳಿರಲಿಲ್ಲ! ಅಣ್ಣ ಫೋನಿನಲ್ಲಿ ಕೂಡಲೇ ಒಪ್ಪಿದ. ಉಳಿದವಳು ತಂಗಿ. ಅಮ್ಮಿಯ ಬಳೆಗಳ ವಿಷಯದಲ್ಲಿ ಮಾತು ಬೆಳೆದು, ಒಂದೂವರೆ ವರ್ಷದಿಂದ ನಮ್ಮ ನಡುವೆ ಸಲಾಮೂ ಇರಲಿಲ್ಲ.

ಬಿಸ್ಮಿಲ್ಲಾಹ್ ಎಂದು ಫೋನ್ ಮಾಡಿದೆ. "ಅಮ್ಮಿಯ ಸೀರೆ ನಿನ್ನನ್ನು ಕೇಳದೆ ಕತ್ತರಿಸಿಬಿಟ್ಟೆ. ಮಾಫ್ ಮಾಡು" ಎಂದೆ. ಕೌದಿಯ ಬಗ್ಗೆ ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಬಾಗಿಲಿಗೆ ಯಾವ ಬಣ್ಣ ಹಾಕಿದ್ದೀ ಆಪಾ?"

"ಹಸಿರು."

"ಅಲ್ಲ, ನೀಲಿ. ಅಬ್ಬಾ ಹಸಿರು ಹಚ್ಚಿಸಿದ್ದು ನಿನ್ನ ಮದುವೆಗೆ."

ಮುಂದಿನ ಭಾನುವಾರ ಸೂಜಿ ದಾರ ಹಿಡಿದು ಬಂದಳು. ಬಾಗಿಲಿಗೆ ಅವಳೇ ನೀಲಿ ಹಚ್ಚಿದಳು.

ನೀವೂ ಮಾಡಬಯಸಿದರೆ ಕೆಲವು ಸಲಹೆಗಳು. ಚಿತ್ರಕ್ಕೆ ನೂಲಿನ ಬಟ್ಟೆಯೇ ಇರಲಿ. ಹೊಸದಾದರೆ ಮೊದಲು ಒಗೆದು ಗಂಜಿ ತೆಗೆಯಿರಿ. ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದು, ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಫ್ಯಾಬ್ರಿಕ್ ಬಣ್ಣ ಹಚ್ಚಿ. ನೀರು ಹೆಚ್ಚಾದರೆ ಬಣ್ಣ ಹರಡುತ್ತದೆ, ದಪ್ಪವಾಗಿ ಬಳಿದರೆ ಬಟ್ಟೆ ಗಡುಸಾಗುತ್ತದೆ. ಒಂದು ದಿನ ಪೂರ್ತಿ ಒಣಗಿಸಿ, ಹಿಂಭಾಗದಿಂದ ಇಸ್ತ್ರಿ ಮಾಡಿ. ಮೂರು ದಿನ ನೀರು ಸೋಕಿಸಬೇಡಿ. ಚಿತ್ರದ ಮೇಲೆ ಸೂಜಿ ಸುಲಭವಾಗಿ ಇಳಿಯದು, ಅದರ ಸುತ್ತ ಹೊಲಿಯಿರಿ. ಮುಗಿದ ಕೌದಿಯನ್ನು ಒಗೆದಾಗ ನೆರಳಲ್ಲಿ ಒಣಗಿಸಿ.

ಪ್ರವಾದಿವರ್ಯರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಹಳೆಯದನ್ನು ಹೊಲಿದು ಬಳಸುವುದರಲ್ಲಿ ನಾಚಿಕೆ ಏನಿದೆ?

ಬಳೆಯ ಲೆಕ್ಕ ಅಂದೇ ಮುಗಿಯಿತೆಂದು ಹೇಳಲಾರೆ. ಆದರೆ ಕೌದಿಯ ಎರಡು ಬದಿಗೆ ಕುಳಿತು ಹೊಲಿಯುವಾಗ ಅದನ್ನೂ ಮಾತಾಡಿದೆವು, ದನಿ ಏರಲಿಲ್ಲ. ಈಗ ಕೌದಿ ಆರು ತಿಂಗಳು ಅವಳ ಮನೆಯಲ್ಲಿ, ಆರು ತಿಂಗಳು ನನ್ನಲ್ಲಿ. ಕೊಡಲು ಬಂದವರು ಊಟ ಮಾಡದೆ ಹೋಗುವುದಿಲ್ಲ.

ಸಹೋದರಿಯರೇ, ಟ್ರಂಕು ತೆರೆಯಿರಿ. ಆದರೆ ಕತ್ತರಿ ಹಿಡಿಯುವ ಮುನ್ನ ಒಂದು ಫೋನ್ ಮಾಡಿ.