ಹಾಜರಿಪಟ್ಟಿಯ ಹೊರಗಿನ ತರುಣರು

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಂತಹ ಗ್ರಾಮಗಳಲ್ಲಿ, ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣನಾಗಿ ಮನೆಯಲ್ಲುಳಿದ ತರುಣನನ್ನು ‘ದಡ್ಡ’ನೆಂದೋ ‘ಸೋಮಾರಿ’ಯೆಂದೋ ಕರೆದು ಜನರು ಸುಮ್ಮನಾಗುವುದುಂಟು. ಅವನು ಶಾಲೆಯ ಹಾಜರಿಪಟ್ಟಿಯಲ್ಲಿಲ್ಲ; ತೋಟದ ಕೂಲಿಯ ಲೆಕ್ಕದಲ್ಲಿಯೂ ಇಲ್ಲ. ಆ ಎರಡು ಶಬ್ದಗಳ ಮರೆಯಲ್ಲಿ ಪರಸ್ಪರ ಭಿನ್ನವಾದ ಎರಡು ತೊಂದರೆಗಳು ಅಡಗಿರಬಹುದು.

ಮೊದಲನೆಯದು ಕಲಿಕಾ ನ್ಯೂನತೆ. ಬುದ್ಧಿಗೆ ಕೊರತೆಯಿಲ್ಲ, ಕಣ್ಣು ಕಿವಿಗಳು ನೆಟ್ಟಗಿವೆ. ಆದರೂ ಓದು ಕೈಗೂಡದು. ಕನ್ನಡವು ಬರೆದಂತೆ ಓದುವ ಭಾಷೆಯೆಂದು ಪಂಡಿತರು ಹೆಮ್ಮೆಪಡುತ್ತಾರೆ. ಅದು ಬಹುಮಟ್ಟಿಗೆ ನಿಜವೇ. ಆದರೆ ಪ-ಷ, ದ-ಧಗಳ ಭೇದ ಒಂದು ಸಣ್ಣ ಗೆರೆಯಷ್ಟೆ. ‘ಅಪ್ಪ’ ಎನ್ನುವಲ್ಲಿ ಎರಡನೆಯ ಪಕಾರ ಒತ್ತಾಗಿ ಕೆಳಗಿಳಿಯುತ್ತದೆ. ‘ಧರ್ಮ’ ಎನ್ನುವಲ್ಲಿ ರಕಾರವು ನಾಲಗೆಗೆ ಮೊದಲು ಬಂದರೂ ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಮಕಾರದ ನಂತರ ಕೂರುತ್ತದೆ. ಓರಗೆಯವರು ಸಲೀಸಾಗಿ ದಾಟಿದ ಈ ಹೊಸ್ತಿಲನ್ನು ದಾಟಲಾರದ ಮಗು, ಪಾಠವನ್ನು ಕಿವಿಯಿಂದಲೇ ಕೇಳಿ, ಕಂಠಪಾಠ ಮಾಡಿ, ಹತ್ತನೆಯ ತರಗತಿಯವರೆಗೂ ಬಂದೀತು. ಅದು ದಡ್ಡತನವೆಂದರೆ ಜಾಣತನ ಯಾವುದು? 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಈ ತೊಂದರೆಯನ್ನು 21 ನ್ಯೂನತೆಗಳಲ್ಲಿ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಬರಹಗಾರನ ನೆರವೂ ದೊರೆಯುತ್ತವೆ. ಅದನ್ನು ಕೇಳಬೇಕೆಂಬುದೇ ಅನೇಕ ಮನೆಗಳಿಗೆ ತಿಳಿಯದು.

ಎರಡನೆಯದು ಮನಸ್ಸಿನ ಅಸ್ವಾಸ್ಥ್ಯ. ಖಿನ್ನತೆ, ಸ್ಕಿಜೋಫ್ರೇನಿಯಾ ಮೊದಲಾದವು ಹಲವರಲ್ಲಿ ಹರೆಯದಲ್ಲಿಯೇ ತಲೆದೋರುತ್ತವೆ. ರಾತ್ರಿ ನಿದ್ರೆಯಿಲ್ಲ, ಹಗಲು ಏಳಲೊಲ್ಲ. ಗೆಳೆಯರು ಬೇಡ, ಸ್ನಾನವೂ ಬೇಡ. ಇದನ್ನು ಮೈಗಳ್ಳತನವೆಂದು ಗದರುವುದು, ಇಲ್ಲವೇ ಗಾಳಿಯ ಸೋಂಕೆಂದು ಹರಕೆ ಹೊರುವುದು ವಾಡಿಕೆ. ಹರಕೆಗೆ ಯಾರ ಅಡ್ಡಿಯೂ ಇಲ್ಲ. ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನೆರೆಯ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರಲ್ಲಿ ಮೊದಲಾದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇವೆರಡೂ ಒಬ್ಬನಲ್ಲಿಯೇ ಕೂಡುವುದೂ ಉಂಟು. ವರ್ಷಗಟ್ಟಲೆ ದಡ್ಡನೆನಿಸಿಕೊಂಡ ಮನಸ್ಸು ಕುಗ್ಗದಿರುವುದು ಹೇಗೆ? ಆದ್ದರಿಂದ ವೈದ್ಯರು ಮೊದಲು ಪೂರ್ವವೃತ್ತಾಂತವನ್ನು ಕೇಳುತ್ತಾರೆ. ಓದಿನ ತೊಡಕು ಏಳನೆಯ ವಯಸ್ಸಿನಿಂದಲೇ ಇತ್ತೆ, ಅಥವಾ ಚೆನ್ನಾಗಿ ಓದುತ್ತಿದ್ದವನು ಹದಿನೇಳರಲ್ಲಿ ಬದಲಾದನೆ? ತಂದೆತಾಯಿಗಳು ಓದುಬರಹ ಬಲ್ಲವರಲ್ಲದಿದ್ದರೆ ಅವರಿಗೆ ಉತ್ತರ ಸ್ಪಷ್ಟವಿರದು. ಅವನ ಕಾಪಿಪುಸ್ತಕವನ್ನು ತಿದ್ದಿದ ಉಪಾಧ್ಯಾಯರಿಗೆ, ಪಕ್ಕದಲ್ಲಿ ಕುಳಿತ ಸಹಪಾಠಿಗೆ ಅದು ನೆನಪಿರುತ್ತದೆ.