ವಿ.ಸಿ. ಫಾರಮ್ಮಿನ ಮೇಳ: ನಂಬಿದ್ದು ಮತ್ತು ನಿಜ

ಮಂಡ್ಯದ ವಿ.ಸಿ. ಫಾರಮ್ಮೆಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೃಷಿಮೇಳ ನಡೆಯುವಾಗ, ಮದ್ದೂರು ಮಳವಳ್ಳಿಗಳ ಕಡೆಯಿಂದ ಬಂದವರು ಸಂಜೆ ಊರಿಗೆ ಹಿಂದಿರುಗುವ ಹೊತ್ತಿಗೆ ಅವರ ಕೈಯಲ್ಲಿ ಒಂದು ಬಟ್ಟೆಯ ಚೀಲವೂ, ಚೀಲದೊಳಗೆ ಹತ್ತಾರು ಬಣ್ಣದ ಕರಪತ್ರಗಳೂ ಇರುವುದನ್ನು ಕಂಡವರು, ಇಷ್ಟು ಜನಕ್ಕೆ ಇಷ್ಟು ವಿದ್ಯೆ ಒಂದೇ ದಿನದಲ್ಲಿ ಸಂದಿತಲ್ಲ ಎಂದು ಸಂತೋಷಪಡುವುದು ಸಹಜ. ಆದರೆ ಆ ಕರಪತ್ರಗಳಲ್ಲಿ ಮುಂದಿನ ಬಿತ್ತನೆಯವರೆಗೆ ಬಾಳುವವು ಎಷ್ಟು, ಅದಕ್ಕೆ ಮುನ್ನವೇ ಒಲೆ ಸೇರುವವು ಎಷ್ಟು ಎಂದು ವಿಚಾರಿಸತೊಡಗಿದರೆ ಆ ಸಂತೋಷ ಕುಗ್ಗುತ್ತದೆ. ರೈತರ ಮೇಳವಾಗಲಿ, ಸಕ್ಕರೆ ತಂತ್ರಜ್ಞರ ಸಮ್ಮೇಳನವಾಗಲಿ, ಒಂದು ಕಸುಬಿನವರು ಒಂದೆಡೆ ಕಲೆತು ನಡೆಸುವ ಯಾವ ಸಭೆಯೇ ಆಗಲಿ, ಅದರ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ಕೆಲವು ಭಾವನೆಗಳು ಪರೀಕ್ಷೆಗೆ ನಿಲ್ಲತಕ್ಕವಲ್ಲ.

ಇವು ವಿದ್ವಾಂಸರ ಪರಸ್ಪರ ಸತ್ಕಾರಕ್ಕಾಗಿ ಏರ್ಪಟ್ಟ ಕೂಟಗಳು, ಕೆಸರು ತುಳಿಯುವವನಿಗೂ ಕೊಪ್ಪರಿಗೆಯ ಮುಂದೆ ನಿಲ್ಲುವವನಿಗೂ ಅಲ್ಲಿ ಊಟದ ಹೊರತು ದಕ್ಕುವುದೇನಿದೆ ಎಂಬ ಉದಾಸೀನ ಅಂಥವುಗಳಲ್ಲಿ ಒಂದು. ಈ ಜಿಲ್ಲೆಯ ಚರಿತ್ರೆಯೇ ಅದನ್ನು ಸುಳ್ಳುಮಾಡುತ್ತದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದ ಕಾಲದಲ್ಲಿ, ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅವರಂಥವರ ಪ್ರಯತ್ನದಿಂದ ಪ್ರಯೋಗದ ತಾಕು, ರೈತನ ಗದ್ದೆ, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ ಈ ಮೂರೂ ಒಂದನ್ನೊಂದು ಬಿಟ್ಟಿರಲಾರದಂತೆ ಹೆಣೆದುಕೊಂಡದ್ದರಿಂದಲೇ ಮಂಡ್ಯ ಸಕ್ಕರೆಯ ನಾಡಾಯಿತು. ಕಬ್ಬು ಬೆಳೆಯುವ ದೇಶಗಳ ತಂತ್ರಜ್ಞರು 1924ರಷ್ಟು ಹಿಂದೆಯೇ ಹೊನೊಲುಲುವಿನಲ್ಲಿ ಕಲೆತು ಒಂದು ಅಂತಾರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಅದರ ಸಮಾವೇಶ 2023ರಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲೇ ನಡೆಯಿತು. ದಕ್ಷಿಣ ಭಾರತದ ಗದ್ದೆಗಳನ್ನು ಬಹುಕಾಲ ಆಳಿದ ಕೋ. 419 ಎಂಬ ಕಬ್ಬಿನ ತಾಯಿತಂದೆಗಳಲ್ಲಿ ಒಂದು ಜಾವಾದ ಪಿ.ಒ.ಜೆ. 2878, ಇನ್ನೊಂದು ಕೊಯಮತ್ತೂರಿನ ಕೋ. 290 ಎಂಬುದನ್ನು ನೆನೆದರೆ, ದೇಶದೇಶಗಳ ಸಂಶೋಧಕರ ನಡುವೆ ಈ ಕೊಡುಕೊಳೆ ಇಲ್ಲದಿದ್ದಲ್ಲಿ ನಮ್ಮ ಹಿರಿಯರ ಗಾಣಕ್ಕೆ ಆ ಕಬ್ಬು ಬರುತ್ತಲೇ ಇರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಉದಾಸೀನಕ್ಕಿಂತ ಹೆಚ್ಚು ಹಾನಿಕರವಾದುದು, ಮೇಳಕ್ಕೆ ಹೋದ ಮೇಲೆ ಒಂದು ಮಳಿಗೆಯನ್ನೂ ಬಿಡದೆ, ಒಂದು ಗೋಷ್ಠಿಯನ್ನೂ ತಪ್ಪಿಸದೆ ಎಲ್ಲವನ್ನೂ ಕಂಡು ಬರತಕ್ಕದ್ದು ಎಂಬ ಉತ್ಸಾಹ. ಎಲ್ಲವನ್ನೂ ಕಾಣಲು ಹೊರಟವನಿಗೆ ಮಧ್ಯಾಹ್ನದ ವೇಳೆಗೆ ಕಣ್ಣು ದಣಿಯುತ್ತದೆ, ಸಂಜೆಯ ವೇಳೆಗೆ ಕಂಡದ್ದೆಲ್ಲ ಕಲಸಿಹೋಗುತ್ತದೆ. ಮೇಳದಿಂದ ಲಾಭ ಪಡೆಯುವವನು ಮನೆಯಿಂದಲೇ ಒಂದು ಪ್ರಶ್ನೆಯನ್ನು, ತನ್ನದೇ ಆದ, ತನ್ನ ನೆಲಕ್ಕೆ ಅಂಟಿದ ಪ್ರಶ್ನೆಯನ್ನು ಹೊತ್ತು ಹೋಗುವವನು. ಆಲೆಮನೆಯ ಒಡೆಯನೊಬ್ಬನು ಬೆಲ್ಲದ ಮಳಿಗೆಯ ಮುಂದೆ ನಿಂತು, "ಒಳ್ಳೆಯ ಬೆಲ್ಲ ಮಾಡುವುದು ಹೇಗೆ ಸ್ವಾಮಿ?" ಎಂದರೆ ಅವನಿಗೆ ಸಿಕ್ಕುವುದು ಇನ್ನೊಂದು ಕರಪತ್ರ. ಅದೇ ಮನುಷ್ಯನು, "ಕೂಳೆ ಕಬ್ಬಿನ ಹಾಲಿನಲ್ಲಿ ನನಗೆ ಪಾಕ ಹದಕ್ಕೆ ಬರುವುದಿಲ್ಲ, ಅಚ್ಚಿಗೆ ಹೊಯ್ದ ಬೆಲ್ಲ ಜಿನುಗುತ್ತದೆ, ಆಳು ಸಿಕ್ಕದೆ ಕಡಿದ ಕಬ್ಬು ಮೂರು ದಿನ ಬಿಸಿಲಲ್ಲಿ ಬಿದ್ದಿತ್ತು, ಯೂರಿಯಾ ಕೊನೆಯ ಸಲ ಹಾಕಿದ್ದು ಇಂಥ ತಿಂಗಳು" ಎಂದು ಹೇಳಿದನಾದರೆ, ಎದುರಿಗಿರುವ ವಿಜ್ಞಾನಿ ತಾನೇ ಕುರ್ಚಿ ಎಳೆದು ಕೊಡುತ್ತಾನೆ. ಏಕೆಂದರೆ ಉತ್ತರ ಅರ್ಧ ಆ ವಿವರಗಳಲ್ಲೇ ಇದೆ: ಕಡಿದ ಕಬ್ಬು ಗಾಣಕ್ಕೆ ಹೋಗುವುದು ತಡವಾದಷ್ಟೂ ಅದರ ಸಕ್ಕರೆ ಒಡೆದು ಹರಳುಗಟ್ಟದ ಬೇರೆ ಸಕ್ಕರೆಗಳಾಗುತ್ತದೆ, ಸಾರಜನಕ ಅತಿಯಾದರೂ, ತಡವಾಗಿ ಬಿದ್ದರೂ ಕಬ್ಬು ಮಾಗುವುದು ಹಿಂದೆ ಬಿದ್ದು ಹಾಲಿನ ಗುಣ ಕೆಡುತ್ತದೆ. ಬೆಲ್ಲದ ಬಣ್ಣದ ಪ್ರಶ್ನೆಯೂ ಹೀಗೆಯೇ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಹೊಂಬಣ್ಣ ತರಿಸಿದ ಬೆಲ್ಲ ಕೆಲಕಾಲದಲ್ಲೇ ಮತ್ತೆ ಕಪ್ಪಿಡುತ್ತದೆ, ಒಳಗೆ ಗಂಧಕದ ಶೇಷವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬೆಂಡೆ ಗಿಡದ ಲೋಳೆಯಿಂದ ಮಡ್ಡಿ ತೆಗೆಯುವ ಹಳೆಯ ಕ್ರಮವನ್ನು ಎಷ್ಟು ಹಾಲಿಗೆ ಎಷ್ಟು, ಯಾವ ಕಾವಿನಲ್ಲಿ ಎಂದು ಅಲ್ಲಿ ಕೇಳಿ ತಿಳಿಯುವುದು ಹತ್ತು ಮಳಿಗೆ ಸುತ್ತುವುದಕ್ಕಿಂತ ಮೇಲು.

ದೊಡ್ಡವರ ಭಾಷಣವೇ ಮೇಳದ ಸಾರವೆಂಬ ನಂಬಿಕೆಯನ್ನು ಕುರಿತು ಬಹಳ ಹೇಳಬೇಕಾದುದಿಲ್ಲ. ಉದ್ಘಾಟನೆಯ ಭಾಷಣ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಪ್ರಾತ್ಯಕ್ಷಿಕೆಯ ತಾಕಿನ ಬದುವಿನ ಮೇಲೆ ನಿಂತ ಕ್ಷೇತ್ರ ಸಹಾಯಕನೂ, ಪಕ್ಕದಲ್ಲಿ ಬುತ್ತಿ ಬಿಚ್ಚಿ ಕುಳಿತ ಅಪರಿಚಿತ ರೈತನೂ ಹೇಳುವುದು ಮಾತ್ರ ಎಲ್ಲಿಯೂ ಅಚ್ಚಾಗುವುದಿಲ್ಲ. ಆದುದರಿಂದ ಸಭಾಮಂಟಪದಲ್ಲಿ ಸ್ಥಳ ಹಿಡಿಯಲು ಓಡುವ ಹೊತ್ತಿನಲ್ಲಿ ತಾಕುಗಳ ಕಡೆಗೆ ನಡೆಯುವವನೇ ಜಾಣ.

ಇನ್ನು, ಫಾರಮ್ಮಿನ ತಾಕಿನಲ್ಲಿ ತೂಗುತ್ತಿರುವ ತೆನೆ ತನ್ನ ಗದ್ದೆಯಲ್ಲೂ ಹಾಗೆಯೇ ತೂಗುವುದು ಎಂಬ ಭ್ರಮೆ. ಫಾರಮ್ಮಿನಲ್ಲಿ ಮಣ್ಣಿನ ಗುಣ ಗೊತ್ತಿದೆ, ನೀರು ವೇಳೆಗೆ ಬರುತ್ತದೆ, ಗೊಬ್ಬರ ಅಳತೆಯಂತೆ ಬೀಳುತ್ತದೆ. ಮದ್ದೂರು ಮಳವಳ್ಳಿಗಳ ಕೊನೆಯಂಚಿನ ಗದ್ದೆಗಳಲ್ಲಿ ಸರದಿಯಂತೆ ಬಿಡುವ ಕಟ್ಟು ಪದ್ಧತಿಯ ನೀರನ್ನು ಕಾಯುತ್ತ ಕುಳಿತವನ ಸ್ಥಿತಿ ಬೇರೆ. ಅವನ ಗದ್ದೆಯಲ್ಲಿ ತೆನೆ ಹಾಗೆ ತೂಗದಿದ್ದರೆ ಅದು ತಳಿಯ ದೋಷವೂ ಅಲ್ಲ, ಹೇಳಿದವರ ಸುಳ್ಳೂ ಅಲ್ಲ. ಷರತ್ತನ್ನು ಕೇಳದೆ ಫಲವನ್ನು ಮಾತ್ರ ಕೇಳಿದುದು ಇಲ್ಲಿನ ತಪ್ಪು. ಈ ತಪ್ಪು ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ ಬಿತ್ತನೆಯ ವಿಷಯವೊಂದೇ ಸಾಕು. ಇದೇ ವಿ.ಸಿ. ಫಾರಮ್ಮಿನಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ಕೆ.ಆರ್.ಎಚ್. 2 ಸಂಕರಣ ಭತ್ತದ ಕೀರ್ತಿ ಕೇಳಿ ಬೀಜ ತಂದು, ಮರುವರ್ಷ ಸ್ವಂತ ಕಣಜದಿಂದಲೇ ಬಿತ್ತಿದವನ ಗದ್ದೆಯಲ್ಲಿ ಒಂದು ಪೈರು ಎತ್ತರ, ಒಂದು ಗಿಡ್ಡ, ಒಂದು ಬೇಗ ಮಾಗಿದ್ದು, ಇನ್ನೊಂದು ಹಸಿರಾಗಿದ್ದು ಕಾಣಿಸಿಕೊಳ್ಳುತ್ತದೆ. ಸಂಕರಣದ ಬಲ ಮೊದಲ ಪೀಳಿಗೆಗೇ ಮೀಸಲಾದುದರಿಂದ ಅದರ ಬೀಜವನ್ನು ಪ್ರತಿವರ್ಷ ಹೊಸದಾಗಿ ಕೊಳ್ಳಬೇಕು. ಕಬ್ಬಿನ ಮಾತು ಇದಕ್ಕೆ ವಿರುದ್ಧ. ತುಂಡು ನೆಟ್ಟರೆ ತಾಯಿಯ ಗುಣವೇ ಬರುತ್ತದೆ, ಕೊಳ್ಳುವ ನಿರ್ಬಂಧವಿಲ್ಲ. ಆದರೆ ಕಾಡಿಗೆ ರೋಗವೂ, ಹುಲ್ಲಿನಂತೆ ತೆಳುಮೊಳೆಗಳು ಒಡೆಯುವ ರೋಗವೂ ಅದೇ ತುಂಡಿನೊಡನೆ ಬರುತ್ತವೆ, ಆದುದರಿಂದ ಶಾಖೋಪಚಾರ ಮಾಡಿದ ಬಿತ್ತನೆ ಕಬ್ಬು ಎಲ್ಲಿ ದೊರೆಯುತ್ತದೆಂದು ವಿಚಾರಿಸಬೇಕು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ನೂರಾರು ನಾಡತಳಿಗಳ ಭತ್ತವನ್ನು ಬೆಳೆದು ಕಾಪಾಡುತ್ತಿರುವ ಸೈಯದ್ ಘನಿ ಖಾನ್ ಅವರ ಹೊಲವನ್ನು ನೋಡಿದವರಿಗೆ ಮೂರನೆಯ ಮಾತೊಂದು ಹೊಳೆಯುತ್ತದೆ: ನಾಡತಳಿಯ ಬೀಜವನ್ನು ರೈತನೇ ಉಳಿಸಿಕೊಳ್ಳಬಲ್ಲನು, ಇಳುವರಿಯ ಲೆಕ್ಕವನ್ನು ಮಾತ್ರ ಬೇರೆ ರೀತಿಯಲ್ಲಿ ಹಾಕಬೇಕು. ಮೂರು ವಿಧದ ಬೀಜ, ಮೂರು ವಿಧದ ಪ್ರಶ್ನೆ. ಮೇಳದಲ್ಲಿ ಮೂರೂ ಒಂದೇ ಸಾಲಿನಲ್ಲಿ ನಗುತ್ತ ನಿಂತಿರುತ್ತವೆ. ಮೆಚ್ಚಿದುದನ್ನು ಮೊದಲ ವರ್ಷ ಐದು ಗುಂಟೆಯಲ್ಲಿ ಮಾತ್ರ ಮಾಡಿ ನೋಡುವ ಸಂಯಮ ನಮ್ಮ ಜನಕ್ಕೆ ಕಡಿಮೆ. ನೆರೆಯವನಿಗಿಂತ ಮೊದಲು ಎರಡು ಎಕರೆಗೆ ಹಾಕುವ ಆತುರವೇ ಹೆಚ್ಚು.

ಪರಿಚಯವೆಂದರೆ ಫೋನ್ ನಂಬರುಗಳ ಸಂಗ್ರಹ ಎಂದು ಭಾವಿಸಿ, ಐವತ್ತು ಮಂದಿಯ ಹೆಸರು ಬರೆದುಕೊಂಡು ಒಬ್ಬರಿಗೂ ಮತ್ತೆ ಕರೆಮಾಡದವರ ವಿಷಯದಲ್ಲಿ ಕನಿಕರವಲ್ಲದೆ ಬೇರೇನೂ ಹುಟ್ಟುವುದಿಲ್ಲ. ವಾರದೊಳಗೆ ಇಬ್ಬರನ್ನು ವಿಚಾರಿಸಿದರೂ ಸಾಕು. ಯಂತ್ರ ಕೊಳ್ಳುವವನು ಅದನ್ನು ಮಾರುವವನ ಬದಲು ಎರಡು ವರ್ಷ ಅದನ್ನು ಓಡಿಸಿದವನ ನಂಬರನ್ನು ಕೇಳಿ ಪಡೆಯಲಿ.

ಮೇಳ ಮುಗಿದೊಡನೆ ವಿದ್ಯೆಯ ಬಾಗಿಲು ಮುಚ್ಚಿತೆಂದು ತಿಳಿಯುವುದೂ ಸಲ್ಲದು. ಫಾರಮ್ಮಿನ ಆವರಣದಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಜನಜಂಗುಳಿ ಇಲ್ಲದ ಸಾಮಾನ್ಯ ದಿನದಲ್ಲಿ ಅಲ್ಲಿ ಕುಳಿತು ಮಾತನಾಡಲು ಬೇಕಾದಷ್ಟು ವ್ಯವಧಾನ ದೊರೆಯುತ್ತದೆ. ಮುಂದಿನ ಮೇಳಕ್ಕೆ ಹೋಗಬೇಕೆಂದಿರುವವರು ಎರಡು ತಿಂಗಳು ಮುಂಚಿತವಾಗಿಯೇ ತಮ್ಮ ಗದ್ದೆಯ ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕೊಟ್ಟು, ಅದರ ಫಲಿತಾಂಶದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಲಿ.